ಪಾತ್ರೆ ದೊಡ್ಡದು, ತುಂಬಿದ್ದು ಅಬ್ಬರ

ಸಂಗೀತದ ಧ್ವನಿಮುದ್ರಿಕೆಗಳ ಮೇಲೆ ಈಚೆಗೆ '24 ಬಿಟ್' ಎಂಬ ಮುದ್ರೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ತುಪ್ಪದ ಡಬ್ಬಿಯ ಮೇಲೆ 'ಅಪ್ಪಟ' ಎಂದು ಬರೆದಿದ್ದರೂ ಮುಚ್ಚಳ ತೆಗೆದು ಮೂಸಿ ನೋಡದೆ ಕೊಳ್ಳದ ನಾವು, ಈ ಮುದ್ರೆಯನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದ್ದೇವೆ. ಬಿಟ್ ಹೆಚ್ಚಾದಷ್ಟೂ ಸದ್ದು ಜೋರು ಎಂದು ಕೆಲವರ ನಂಬಿಕೆ. ಸದ್ದು ಜೋರಾದಷ್ಟೂ ಸಂಗೀತ ಚೆನ್ನ ಎಂಬುದು ಇನ್ನು ಕೆಲವರದು. ಈ ಎರಡು ತಪ್ಪು ತಿಳಿವಳಿಕೆಗಳ ನಡುವೆ ಸಿಕ್ಕಿ ಕಳೆದ ಮೂವತ್ತು ವರ್ಷಗಳಲ್ಲಿ ಎಷ್ಟೋ ಒಳ್ಳೆಯ ಸಂಗೀತ ಉಸಿರುಗಟ್ಟಿದೆ. ಅದು ಹೇಗೆ ಎಂಬುದನ್ನು ಎರಡು ಪ್ರಸಿದ್ಧ ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಬರಹದ ಉದ್ದೇಶ. ಒಂದು, ಡೈರ್ ಸ್ಟ್ರೇಟ್ಸ್ ತಂಡದ 1985ರ 'ಬ್ರದರ್ಸ್ ಇನ್ ಆರ್ಮ್ಸ್'. ಇನ್ನೊಂದು, ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್'. ಎರಡೂ ಪಶ್ಚಿಮದ ರಾಕ್ ಸಂಗೀತಕ್ಕೆ ಸೇರಿದವು. ನಮ್ಮ ಮನೆಗಳಲ್ಲಿ ಹಿರಿಯರು ಬಾಗಿಲು ಮುಚ್ಚಿಕೊಳ್ಳುವಂತೆಯೂ ಮಕ್ಕಳು ಕಿವಿಗೊಡುವಂತೆಯೂ ಮಾಡಿದ ಸಂಗೀತವಿದು. ಆದರೆ ಇಲ್ಲಿ ಎದ್ದಿರುವ ಪ್ರಶ್ನೆ ಭೀಮಸೇನ ಜೋಶಿಯವರ ಆಲಾಪಕ್ಕೂ ಅಷ್ಟೇ ಸಂಬಂಧಪಟ್ಟದ್ದಾದ್ದರಿಂದ ಹಿರಿಯರೂ ತುಸು ತಾಳ್ಮೆಯಿಂದ ಓದಬೇಕೆಂದು ಕೋರಿಕೆ.

ಮೊದಲು ಬಿಟ್ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಶಬ್ದವೆಂದರೆ ಗಾಳಿಯ ಅಲೆ. ಡಿಜಿಟಲ್ ಧ್ವನಿಮುದ್ರಣದಲ್ಲಿ ಈ ಅಲೆಯ ಎತ್ತರವನ್ನು ನಿಯತವಾದ ಅಂತರದಲ್ಲಿ ಅಳೆದು, ಅಂಕೆಗಳಾಗಿ ಬರೆದಿಡುತ್ತಾರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಈ ಅಳತೆ ನಡೆಯುತ್ತದೆ. ಒಂದೊಂದು ಅಳತೆಯನ್ನೂ ಎಷ್ಟು ಸೂಕ್ಷ್ಮವಾಗಿ ಬರೆಯಬಹುದು ಎಂಬುದನ್ನು ನಿರ್ಧರಿಸುವುದೇ ಬಿಟ್‌ಗಳ ಸಂಖ್ಯೆ. 8 ಬಿಟ್ ಇದ್ದರೆ 256 ಮೆಟ್ಟಿಲುಗಳು. 16 ಬಿಟ್ ಇದ್ದರೆ 65,536. 24 ಬಿಟ್ ಇದ್ದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೇಲೆ. ಅಲೆಯ ನಿಜವಾದ ಎತ್ತರ ಎರಡು ಮೆಟ್ಟಿಲುಗಳ ನಡುವೆ ಬಿದ್ದರೆ, ಹತ್ತಿರದ ಮೆಟ್ಟಿಲಿಗೆ ಅದನ್ನು ಸರಿಹೊಂದಿಸಿ ಬರೆಯಬೇಕಾಗುತ್ತದೆ. ಹೀಗೆ ಸರಿಹೊಂದಿಸುವಾಗ ಆಗುವ ತಪ್ಪು ಕಿವಿಗೆ ಸಣ್ಣ ಸದ್ದಾಗಿ, ಹಳೆಯ ಟೇಪಿನ ಸುಯ್‌ಗುಟ್ಟುವಿಕೆಯ ದೂರದ ನೆಂಟನಾಗಿ ಕೇಳಿಸುತ್ತದೆ. ಮೆಟ್ಟಿಲುಗಳು ಹೆಚ್ಚಾದಷ್ಟೂ ತಪ್ಪು ಕಿರಿದು, ಆ ಸದ್ದೂ ಕಿರಿದು. ಒಂದೊಂದು ಬಿಟ್ ಸೇರಿದಾಗಲೂ ಅದು ಸುಮಾರು 6 ಡೆಸಿಬೆಲ್ ಕೆಳಗಿಳಿಯುತ್ತದೆ. ಆ ಲೆಕ್ಕದಲ್ಲಿ 16 ಬಿಟ್‌ಗಳಿಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗಳಿಗೆ ಸುಮಾರು 144 ಡೆಸಿಬೆಲ್ ವಿಸ್ತಾರ.

ಈ ವಿಸ್ತಾರ ಯಾವ ದಿಕ್ಕಿಗೆ ಹಬ್ಬುತ್ತದೆ ಎಂಬುದೇ ಇಲ್ಲಿ ಮುಖ್ಯ. ಒಂದು ಮನೆಯನ್ನು ಊಹಿಸಿಕೊಳ್ಳಿ. ಅದರ ಸೂರಿನ ಎತ್ತರ ಬದಲಾಗುವುದಿಲ್ಲ. ಎತ್ತರ ಸಾಲದೆನಿಸಿದರೆ ನೆಲವನ್ನು ಅಗೆದು ಆಳ ಮಾಡಬಹುದು, ಅಷ್ಟೆ. ಬಿಟ್‌ಗಳನ್ನು ಹೆಚ್ಚಿಸುವುದೆಂದರೆ ಹೀಗೆ ನೆಲ ಅಗೆಯುವುದು. ಡಿಜಿಟಲ್ ಶಬ್ದಕ್ಕೆ ಒಂದು ಗರಿಷ್ಠ ಮಿತಿಯಿದೆ; ಅದಕ್ಕಿಂತ ದೊಡ್ಡ ಅಂಕೆಯನ್ನು ಬರೆಯಲು ಜಾಗವೇ ಇಲ್ಲ. 16 ಬಿಟ್ ಇರಲಿ, 24 ಬಿಟ್ ಇರಲಿ, ಆ ಸೂರು ಒಂದೇ. ಹೆಚ್ಚಿನ ಬಿಟ್‌ಗಳಿಂದ ದೊರಕುವುದು ಜೋರು ಸದ್ದಲ್ಲ, ಇನ್ನಷ್ಟು ಮೆಲ್ಲನೆಯ ಸದ್ದನ್ನು ಕೆಡದಂತೆ ಹಿಡಿದಿಡುವ ಶಕ್ತಿ. ತಂಬೂರಿಯ ತಂತಿ ಮೀಟಿದ ಮೇಲೆ ಕ್ಷೀಣಿಸುತ್ತ ಹೋಗುವ ನಾದದ ಕೊನೆಯ ಎಳೆ, ಗಾಯಕ ಸ್ವರ ಹಿಡಿಯುವ ಮುನ್ನ ಎಳೆದುಕೊಳ್ಳುವ ಉಸಿರು, ಸಭಾಂಗಣದ ಗೋಡೆಗಳಿಂದ ಮರಳಿ ಬರುವ ಅನುರಣನ, ಇವು ಬಿಟ್‌ಗಳ ಸಂಪತ್ತು.

ಹಾಗಾದರೆ ಎಷ್ಟು ಬಿಟ್ ಸಾಕು? ಸಿ.ಡಿ.ಯ ವಿನ್ಯಾಸ ನಡೆಯುತ್ತಿದ್ದಾಗ ಫಿಲಿಪ್ಸ್ ಸಂಸ್ಥೆ 14 ಬಿಟ್ ಸಾಕೆಂದಿತು. ಸೋನಿ 16 ಬೇಕೆಂದು ಪಟ್ಟುಹಿಡಿಯಿತು. ಸೋನಿಯ ಮಾತು ಗೆದ್ದಿತು. 1982ರ ಅಕ್ಟೋಬರಿನಲ್ಲಿ ಜಪಾನಿನ ಪೇಟೆಗೆ ಬಂದ ಸಿ.ಡಿ. 16 ಬಿಟ್‌ಗಳದಾಗಿತ್ತು. ನಿಶ್ಶಬ್ದವೆಂದು ನಾವು ಕರೆಯುವ ಕೋಣೆಯಲ್ಲಿಯೂ ಸುಮಾರು 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಮಹಾನಗರಗಳ ನಮ್ಮ ಫ್ಲಾಟುಗಳಲ್ಲಿ ಪಕ್ಕದ ಮನೆಯ ಮಿಕ್ಸರ್, ಕೆಳಗಿನ ರಸ್ತೆಯ ಹಾರ್ನ್ ಸೇರಿ ಅದಕ್ಕಿಂತ ಹೆಚ್ಚೇ. ಆ 30ರ ಮೇಲೆ 96 ಡೆಸಿಬೆಲ್ ಏರಿದರೆ ಕಿವಿ ನೋಯುವ ಮಟ್ಟ ಮುಟ್ಟುತ್ತೇವೆ. ಮನೆಯಲ್ಲಿ ಕುಳಿತು ಕೇಳುವವರಿಗೆ 16 ಬಿಟ್ ಧಾರಾಳವಾಗಿ ಸಾಕು. 24 ಬಿಟ್‌ಗಳ ನಿಜವಾದ ಪ್ರಯೋಜನ ಧ್ವನಿಮುದ್ರಣ ಶಾಲೆಯಲ್ಲಿದೆ. ಗಾಯಕ ಎಷ್ಟು ಏರುತ್ತಾನೋ ತಿಳಿಯದೆ ಇರುವಾಗ, ಸೂರಿಗೆ ತಲೆ ತಾಗದಂತೆ ಸಾಕಷ್ಟು ಕೆಳಗೆ ಇಟ್ಟು ಮುದ್ರಿಸಿಕೊಂಡರೂ ಸೂಕ್ಷ್ಮ ಕೆಡುವುದಿಲ್ಲ ಎಂಬ ಧೈರ್ಯ ತಂತ್ರಜ್ಞನಿಗೆ ಅದರಿಂದ ಸಿಗುತ್ತದೆ.

ಇನ್ನು 'ಬ್ರದರ್ಸ್ ಇನ್ ಆರ್ಮ್ಸ್'. ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದ ಏರ್ ಸ್ಟುಡಿಯೋದಲ್ಲಿ ಡಿಜಿಟಲ್ ಯಂತ್ರದ ಮೇಲೆ, 16 ಬಿಟ್‌ಗಳಲ್ಲಿ ಮುದ್ರಿತವಾದ ಕೃತಿ ಇದು. ಸಿ.ಡಿ. ರೂಪದಲ್ಲಿ ಹತ್ತು ಲಕ್ಷ ಪ್ರತಿಗಳನ್ನು ದಾಟಿದ ಮೊದಲ ಆಲ್ಬಂ ಎಂಬ ಖ್ಯಾತಿ ಇದರದು. ಇದರ 'ಮನಿ ಫಾರ್ ನಥಿಂಗ್' ಹಾಡಿನ ಆರಂಭವನ್ನು ಗಮನಿಸಬೇಕು. ದೂರದಿಂದ ಬರುವ ಒಂದು ತೆಳುವಾದ ಕಂಠ, ಅದರ ಕೆಳಗೆ ಹರಡುವ ಸಿಂಥಸೈಜರ್, ನಂತರ ಕ್ರಮೇಣ ಒಟ್ಟುಗೂಡುವ ತಾಳವಾದ್ಯಗಳು, ಅವೆಲ್ಲ ಉಕ್ಕಿ ಬಂದು ನಿಂತ ಕೂಡಲೇ ಮಾರ್ಕ್ ನಾಫ್ಲರ್‌ನ ಗಿಟಾರ್. 1985ರ ಮೊದಲ ಸಿ.ಡಿ.ಯಲ್ಲಿ ಆ ಗಿಟಾರ್ ಕೋಣೆಯೊಳಗೆ ಕಾಲಿಟ್ಟಂತೆ ಕೇಳುತ್ತದೆ. ಹಿಂದಿನ ಕ್ಷಣಗಳು ಮೆಲ್ಲಗಿದ್ದುದರಿಂದಲೇ ಈ ಕ್ಷಣಕ್ಕೆ ಆ ಬಲ ಬಂದಿದೆ. ಕೊನೆಯ ಹಾಡು, ಕೃತಿಗೆ ಹೆಸರು ಕೊಟ್ಟ ಹಾಡು, ಗುಡುಗಿನ ಸದ್ದಿನಿಂದ ತೊಡಗುತ್ತದೆ. ಯುದ್ಧಭೂಮಿಯಲ್ಲಿ ಸಾಯುತ್ತಿರುವವನ ಮಾತು ಅದು. ಪಿಸುಮಾತಿಗಿಂತ ಸ್ವಲ್ಪವೇ ಮೇಲಿನ ದನಿಯಲ್ಲಿ ನಾಫ್ಲರ್ ಅದನ್ನು ಹಾಡುತ್ತಾನೆ. ಸಾಯುವವನು ಕೂಗಿದರೆ ಹಾಡು ಕೆಟ್ಟಿತು. ಈ ಸಿ.ಡಿ.ಯನ್ನು ಕೇಳುವಾಗ ವಾಲ್ಯೂಮ್ ತಿರುಪನ್ನು ಸ್ವಲ್ಪ ಹೆಚ್ಚಿಗೆ ತಿರುಗಿಸಬೇಕಾಗುತ್ತದೆ, ನಿಜ. ಆ ತಿರುಪು ಇರುವುದೇ ಅದಕ್ಕಲ್ಲವೆ?

ಇಪ್ಪತ್ತಮೂರು ವರ್ಷಗಳ ನಂತರ, 2008ರ ಸೆಪ್ಟೆಂಬರಿನಲ್ಲಿ, ಅದೇ 16 ಬಿಟ್‌ಗಳ ಸಿ.ಡಿ. ಪಾತ್ರೆಯಲ್ಲಿ 'ಡೆತ್ ಮ್ಯಾಗ್ನೆಟಿಕ್' ಬಂದಿತು. ಈ ನಡುವೆ ಏನಾಯಿತೆಂದು ತಿಳಿಯದೆ ಅದನ್ನು ವಿಮರ್ಶಿಸುವುದು ಅನ್ಯಾಯವಾದೀತು. ಹಳೆಯ ಎಲ್.ಪಿ. ತಟ್ಟೆಗಳಿಗೆ ಪ್ರಕೃತಿಯೇ ಹಾಕಿದ ಕಡಿವಾಣವಿತ್ತು. ಸದ್ದು ಜೋರಾದರೆ ಗೆರೆ ಅಗಲವಾಗಬೇಕು. ಗೆರೆ ಅಗಲವಾದರೆ ತಟ್ಟೆಯಲ್ಲಿ ಹಿಡಿಸುವ ಹಾಡು ಕಡಿಮೆ. ಮಿತಿಮೀರಿದರೆ ಮುಳ್ಳೇ ಗೆರೆಯಿಂದ ಹಾರುತ್ತಿತ್ತು. ಸಿ.ಡಿ.ಗೆ ಈ ಕಷ್ಟಗಳಿಲ್ಲ. ಅಲ್ಲಿ ಇರುವುದು ಸೂರೊಂದೇ. ಸೂರು ಇದೆಯೆಂದು ತಿಳಿದೊಡನೆ ಎಲ್ಲರಿಗೂ ಅದನ್ನು ಮುಟ್ಟುವ ಆಸೆ. ಮನುಷ್ಯನ ಕಿವಿಯ ಒಂದು ದೌರ್ಬಲ್ಯವೂ ಇದಕ್ಕೆ ನೀರೆರೆಯಿತು. ಒಂದೇ ಹಾಡನ್ನು ಎರಡು ಮಟ್ಟಗಳಲ್ಲಿ ಕೇಳಿಸಿದರೆ ತುಸು ಜೋರಾದದ್ದೇ ಚೆನ್ನೆಂದು ನಮಗೆ ಅನ್ನಿಸುತ್ತದೆ. ಸದ್ದು ಏರಿದಾಗ ಕೆಳಸ್ಥಾಯಿಯೂ ತಾರವೂ ತುಂಬಿಕೊಂಡು ಕೇಳುವುದೇ ಇದಕ್ಕೆ ಒಂದು ಕಾರಣ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ರೇಡಿಯೋದಲ್ಲಿ ಪಕ್ಕದ ಹಾಡಿಗಿಂತ ತಮ್ಮ ಹಾಡು ಮೆಲ್ಲಗೆ ಕೇಳಿಸಬಾರದೆಂದು ಪ್ರತಿಯೊಬ್ಬ ನಿರ್ಮಾಪಕನೂ ಹಟ ಹಿಡಿದ.

ಆದರೆ ಸೂರು ಎತ್ತರಿಸಲಾಗದು. ಹಾಗಾದರೆ ಹಾಡನ್ನು ಜೋರು ಮಾಡುವುದು ಹೇಗೆ? ಉತ್ತರ: ತಲೆ ಎತ್ತಿ ನಿಂತವರನ್ನು ಬಗ್ಗಿಸಿ, ಕುಳಿತವರನ್ನು ಎಬ್ಬಿಸಿ, ಎಲ್ಲರನ್ನೂ ಒಂದೇ ಎತ್ತರಕ್ಕೆ ತಂದು, ಇಡೀ ಗುಂಪನ್ನು ಸೂರಿಗೆ ಒತ್ತುವುದು. ತಬಲದ ಪೆಟ್ಟಿನಂಥ, ಡ್ರಮ್ಮಿನ ಹೊಡೆತದಂಥ ಕ್ಷಣಿಕ ಶಿಖರಗಳನ್ನು ಅದುಮಿದರೆ ಉಳಿದದ್ದನ್ನೆಲ್ಲ ಮೇಲಕ್ಕೆತ್ತಲು ಜಾಗ ಸಿಗುತ್ತದೆ. ಇದಕ್ಕೆ ಕಂಪ್ರೆಷನ್ ಎಂದು ಹೆಸರು. ಶಿಖರವನ್ನು ಮಿತಿ ದಾಟದಂತೆ ತಡೆಯುವ ಉಪಕರಣಕ್ಕೆ ಲಿಮಿಟರ್ ಎಂದು ಹೆಸರು. ವೇವ್ಸ್ ಸಂಸ್ಥೆಯ ಎಲ್1 ಎಂಬ ಡಿಜಿಟಲ್ ಲಿಮಿಟರ್ 1994ರಲ್ಲಿ ಬಂದ ಮೇಲೆ ಈ ಕೆಲಸ ಬಹಳ ಸುಲಭವಾಯಿತು. ಇಷ್ಟಕ್ಕೂ ತೃಪ್ತರಾಗದವರು ಅಲೆಯನ್ನು ಸೂರಿನ ಆಚೆಗೂ ನೂಕಿದರು. ಆಚೆ ಜಾಗವಿಲ್ಲದ್ದರಿಂದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಯಿತು. ದುಂಡಗಿನ ಅಲೆ ಚಪ್ಪಟೆಯಾದೊಡನೆ, ಮೂಲದಲ್ಲಿ ಇಲ್ಲದ ಕರ್ಕಶ ಸ್ವರಗಳು ಅದರಲ್ಲಿ ಹುಟ್ಟಿಕೊಳ್ಳುತ್ತವೆ. ಇದೇ ಕ್ಲಿಪ್ಪಿಂಗ್.

'ಡೆತ್ ಮ್ಯಾಗ್ನೆಟಿಕ್' ಈ ಪರಂಪರೆಯ ತುತ್ತತುದಿ. ಸಂಗೀತವಾಗಿ ನೋಡಿದರೆ ಅದು ದುರ್ಬಲ ಕೃತಿಯಲ್ಲ. ಹತ್ತು ರಚನೆಗಳು, ಸುಮಾರು 75 ನಿಮಿಷ. 2003ರ 'ಸೇಂಟ್ ಆಂಗರ್' ನಂತರ ದಾರಿತಪ್ಪಿದಂತಿದ್ದ ತಂಡ ತನ್ನ ಹಳೆಯ ದೀರ್ಘ ರಚನೆಗಳ ಶೈಲಿಗೆ ಮರಳಿದ್ದು ಇಲ್ಲಿ. 'ದ ಡೇ ದಟ್ ನೆವರ್ ಕಮ್ಸ್' ಎಂಬ ರಚನೆಯ ಕಟ್ಟಡವನ್ನೇ ನೋಡಿ. ಮೆಲ್ಲನೆಯ, ಸ್ವಚ್ಛವಾದ ಗಿಟಾರ್ ನಾದದಿಂದ ಅದು ತೊಡಗುತ್ತದೆ. ಮನಸ್ಸಿನೊಳಗೆ ಅದುಮಿಟ್ಟ ಸಿಟ್ಟು ನಿಧಾನವಾಗಿ ಮೇಲೇರುತ್ತದೆ. ಕೊನೆಯಲ್ಲಿ ಲಯ ದ್ರುತಗತಿಗೆ ಹೋಗಿ ಎಂಟು ನಿಮಿಷಗಳ ಆ ಕಟ್ಟಡ ಸ್ಫೋಟಿಸಬೇಕು. ವಿಲಂಬಿತದಿಂದ ದ್ರುತಕ್ಕೆ ಏರುವ ಖಯಾಲಿನ ಪರಿಚಯವಿರುವ ನಮಗೆ ಈ ನಡಿಗೆ ಅಪರಿಚಿತವೇನಲ್ಲ. ಆದರೆ ಸಿ.ಡಿ.ಯಲ್ಲಿ ಸ್ಫೋಟವಾಗುವುದೇ ಇಲ್ಲ. ಮೆಲುದನಿಯ ಭಾಗವನ್ನೇ ಮೇಲೆತ್ತಿ ಇಟ್ಟಿರುವುದರಿಂದ, ಸಿಟ್ಟು ಬರುವ ಹೊತ್ತಿಗೆ ಏರಲು ಮೆಟ್ಟಿಲು ಉಳಿದಿಲ್ಲ. ಡ್ರಮ್ಮಿನ ಏಟು ಏಟಾಗಿ ಕೇಳದೆ, ಒದ್ದೆ ರಟ್ಟನ್ನು ಬಡಿದಂತೆ ಕೇಳುತ್ತದೆ. ಅದರ ಸುತ್ತ ಚರಚರನೆಯ ಒಡಕು. ಅರ್ಧ ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ವಾಲ್ಯೂಮ್ ಇಳಿಸಿದರೂ ಒಡಕು ಹೋಗುವುದಿಲ್ಲ, ಏಕೆಂದರೆ ಅದು ನಮ್ಮ ಯಂತ್ರದ ತಪ್ಪಲ್ಲ, ಅಂಕೆಗಳಲ್ಲೇ ಬರೆದುಹೋಗಿದೆ.

ಇದು ವಿಮರ್ಶಕನ ಮೂಗುಮುರಿತವಷ್ಟೇ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಇಲ್ಲಿ ಅಪರೂಪದ ಒಂದು ಸಾಕ್ಷಿ ದೊರಕಿತು. ಅದೇ ಹಾಡುಗಳು ಆಗಲೇ 'ಗಿಟಾರ್ ಹೀರೋ' ಎಂಬ ವಿಡಿಯೋ ಆಟಕ್ಕಾಗಿಯೂ ಬಿಡುಗಡೆಯಾದವು. ಆಟದಲ್ಲಿ ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ನಿಯಂತ್ರಿಸಬೇಕಾದ್ದರಿಂದ, ಕೊನೆಯ ಒತ್ತಡ ಬೀಳುವುದಕ್ಕೆ ಮುಂಚಿನ ಧ್ವನಿಯನ್ನು ಆಟದವರಿಗೆ ಕೊಟ್ಟಿದ್ದರು. ಅಭಿಮಾನಿಗಳು ಎರಡನ್ನೂ ಹೋಲಿಸಿ ನೋಡಿ ಬೆರಗಾದರು. ಆಟದ ಪ್ರತಿಯಲ್ಲಿ ಅಲೆಯ ಚಿತ್ರ ಬೆಟ್ಟಸಾಲಿನಂತೆ ಏರಿಳಿಯುತ್ತಿತ್ತು, ಸಿ.ಡಿ.ಯ ಚಿತ್ರ ಇಟ್ಟಿಗೆಯಂತೆ ಚಚ್ಚೌಕವಾಗಿತ್ತು. ಹಣ ಕೊಟ್ಟು ಕೊಂಡ ಧ್ವನಿಮುದ್ರಿಕೆಗಿಂತ ಮಕ್ಕಳಾಟದ ಪ್ರತಿ ಚೆನ್ನಾಗಿತ್ತು! ಕೃತಿಯನ್ನು ಹೊಸದಾಗಿ ಮಿಶ್ರಣ ಮಾಡಿಕೊಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಂತಿಮ ಹಂತದ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವ ಮೊದಲೇ ಧ್ವನಿ ಅದುಮಿಹೋಗಿತ್ತೆಂದು ಕೇಳುಗರೊಬ್ಬರಿಗೆ ಬರೆದ ಮಾತು ಬಹಿರಂಗವಾಯಿತು. ತಂಡದವರು ಮಾತ್ರ ತಮಗೆ ತೃಪ್ತಿಯಿದೆ ಎಂಬ ನಿಲುವನ್ನೇ ತಳೆದರು. ಆಲ್ಬಂ ಅಮೆರಿಕದ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತೆಂಬುದೂ ನಿಜ.

ತಂಡದ ಪರವಾಗಿಯೂ ವಾದ ಹೂಡಬಹುದು. ಹೆವಿ ಮೆಟಲ್ ಎಂದರೆ ಅಬ್ಬರವೇ. ಅದರಲ್ಲಿ ನಯ ಹುಡುಕುವುದು ಮೆಣಸಿನಕಾಯಿಯಲ್ಲಿ ಸಿಹಿ ಹುಡುಕಿದಂತೆ, ಎನ್ನಬಹುದು. ಕಂಪ್ರೆಷನ್ ಸ್ವತಃ ಪಾಪವೂ ಅಲ್ಲ. ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತು ಕೇಳುವವನಿಗೆ ಹಾಡಿನ ಮೆಲ್ಲನೆಯ ಭಾಗ ಚಕ್ರಗಳ ಸದ್ದಿನಲ್ಲಿ ಮುಳುಗಬಾರದೆಂದರೆ ಸ್ವಲ್ಪ ಮೇಲೆತ್ತಲೇಬೇಕು. ಎಲ್ಲ ಕಾಲದ ಒಳ್ಳೆಯ ತಂತ್ರಜ್ಞರೂ ಅದನ್ನು ಹದವರಿತು ಬಳಸಿದ್ದಾರೆ. ಆದರೆ ಅಬ್ಬರವೆಂಬುದು ಹೋಲಿಕೆಯಿಂದ ಹುಟ್ಟುವ ಅನುಭವ ಎಂಬುದನ್ನು ಈ ವಾದ ಮರೆಯುತ್ತದೆ. ಯಕ್ಷಗಾನದಲ್ಲಿ ಚಂಡೆ ಇಡೀ ರಾತ್ರಿ ಒಂದೇ ಸಮನೆ ಬಡಿಯುತ್ತಿದ್ದರೆ ಬಣ್ಣದ ವೇಷದ ಪ್ರವೇಶಕ್ಕೆ ಯಾರು ಬೆಚ್ಚುತ್ತಿದ್ದರು? ಮದ್ದಳೆಯ ಮೆಲುದನಿಯಲ್ಲಿ ಭಾಗವತರ ಪದ್ಯ ಕೇಳಿದ ಮೇಲೆ ಎದ್ದ ಚಂಡೆಯಿಂದಲೇ ಮೈ ಜುಮ್ಮೆನ್ನುವುದು. ಮೆಟಾಲಿಕಾದ ಸಂಗೀತಗಾರರಿಗೆ ಇದು ತಿಳಿಯದ್ದಲ್ಲ. ಅವರ ರಚನೆಯ ಕಟ್ಟಡವೇ ಅದನ್ನು ಸಾರುತ್ತದೆ. 2011ರ ಅಕ್ಟೋಬರ್ 30ರಂದು ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಸಾವಿರಾರು ತರುಣರು ಕೇಳಿದ್ದು ಗಾಳಿಯಲ್ಲಿ ನೇರವಾಗಿ ಬಂದ ಡ್ರಮ್ಮನ್ನು. ವೇದಿಕೆಯ ಮೇಲೆ ಅಬ್ಬರಕ್ಕೆ ಉಸಿರಾಡಲು ಜಾಗವಿರುತ್ತದೆ. ಧ್ವನಿಮುದ್ರಿಕೆಯಲ್ಲಿ ಅದನ್ನು ಕಸಿದುಕೊಂಡದ್ದೇ ನಮ್ಮ ಆಕ್ಷೇಪ.

ಇಲ್ಲಿ ನೆನಪಾಗುವವಳು ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ನಡೆಸಿದ ಧ್ವನಿಮುದ್ರಣದಲ್ಲಿ ಹಾಡಿದ ಆಕೆ ನಮ್ಮ ದೇಶದ ಮೊದಮೊದಲ ಧ್ವನಿಮುದ್ರಿಕೆಗಳ ತಾರೆ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆಕೆಯ ಕಾಲದಲ್ಲಿ ಮೈಕ್ ಇರಲಿಲ್ಲ. ಒಂದು ದೊಡ್ಡ ಕೊಂಬಿನೊಳಗೆ ಕಂಠವೆತ್ತಿ ಹಾಡಬೇಕಿತ್ತು. ಮೆಲ್ಲಗೆ ಹಾಡಿದ್ದನ್ನು ಮೇಣದ ಮೇಲಿನ ಮುಳ್ಳು ಗುರುತಿಸುತ್ತಲೇ ಇರಲಿಲ್ಲ. ಸುಮಾರು ಮೂರು ನಿಮಿಷಗಳಲ್ಲಿ ಎಲ್ಲ ಮುಗಿಯಬೇಕು. ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಬೇಕು. ಅಂದು ಯಂತ್ರ ಬಡವಾಗಿತ್ತು. ಕಲಾವಿದೆ ಅದಕ್ಕಾಗಿ ಕೂಗಿದಳು. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ, ಆಮೇಲೆ ಟೇಪು, ಆಮೇಲೆ ಸಿ.ಡಿ. ಎಂದು ಮುಕ್ಕಾಲು ಶತಮಾನ ಶ್ರಮಿಸಿ ಮನುಷ್ಯ ಪಿಸುಮಾತನ್ನೂ ಹಿಡಿಯಬಲ್ಲ ಪಾತ್ರೆಯನ್ನು ಮಾಡಿಕೊಂಡ. ಮಾಡಿಕೊಂಡು ಅದರೊಳಗೆ ಮತ್ತೆ ಕೂಗನ್ನೇ ತುಂಬಿದ. ಗೌಹರ್ ಜಾನಳ ಕೂಗಿಗೆ ಕಾರಣವಿತ್ತು. ನಮ್ಮ ಕೂಗಿಗೆ ಏನು ಕಾರಣ?

ವ್ಯಾಪಾರದ ಕಾರಣವೂ ಈಗ ಹೆಚ್ಚಾಗಿ ಉಳಿದಿಲ್ಲವೆಂಬುದು ಈ ಕಥೆಯ ವಿಪರ್ಯಾಸ. ಕಿವಿಗೆ ಒಟ್ಟಾರೆ ಎಷ್ಟು ಜೋರೆನಿಸುತ್ತದೆ ಎಂಬುದನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವೊಂದು 2006ರಲ್ಲಿ ರೂಪುಗೊಂಡಿತು. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಅದರ ಆಧಾರದ ಮೇಲೆ ಕಾರ್ಯಕ್ರಮಗಳಿಗೊಂದು ಸಮಾನ ಮಟ್ಟವನ್ನು ಗೊತ್ತುಮಾಡಿತು. ಈಗ ಫೋನಿನಲ್ಲಿ ಹಾಡು ಕೇಳಿಸುವ ದೊಡ್ಡ ಸಂಸ್ಥೆಗಳೂ ಇದೇ ದಾರಿ ಹಿಡಿದಿವೆ. ಅತಿ ಜೋರಾದ ಹಾಡನ್ನು ಅವು ತಾವಾಗಿಯೇ ತಗ್ಗಿಸಿ ಉಳಿದವುಗಳ ಮಟ್ಟಕ್ಕೆ ತರುತ್ತವೆ. ಹೀಗೆ ತಗ್ಗಿಸಿದಾಗ 'ಡೆತ್ ಮ್ಯಾಗ್ನೆಟಿಕ್'‌ಗೆ ಸಿಗಬೇಕಿದ್ದ ಲಾಭ ಹೋಯಿತು. ಕತ್ತರಿಸಿದ ನೆತ್ತಿ ಮಾತ್ರ ಕತ್ತರಿಸಿದಂತೆಯೇ ಉಳಿಯಿತು. ಅದರ ಪಕ್ಕದಲ್ಲಿ ಅದೇ ಮಟ್ಟಕ್ಕೆ ಬಂದು ನಿಂತ 'ಬ್ರದರ್ಸ್ ಇನ್ ಆರ್ಮ್ಸ್' ಹೆಚ್ಚು ಬಲವಾಗಿ, ಹೆಚ್ಚು ಹತ್ತಿರವಾಗಿ ಕೇಳುತ್ತದೆ.

ಇನ್ನು '24 ಬಿಟ್' ಮುದ್ರೆಯ ವಿಚಾರ. ಮೂಲ ಟೇಪಿನಿಂದ ಎಚ್ಚರದಿಂದ ವರ್ಗಾಯಿಸಿದ ಪ್ರತಿಯಾದರೆ ಸಂತೋಷವೇ. ಆದರೆ ಆ ಸಂತೋಷಕ್ಕೆ ಕಾರಣ ಎಚ್ಚರ, ಬಿಟ್‌ಗಳಲ್ಲ. ಹಳೆಯ ಗಾನವನ್ನು ಹೊಸ ರುಚಿಗೆಂದು ಅದುಮಿ, ತಂಬೂರಿಯನ್ನು ಗಾಯಕನಷ್ಟೇ ಮೇಲಕ್ಕೆತ್ತಿ, ಅದನ್ನು 24 ಬಿಟ್‌ಗಳಲ್ಲಿ ಮಾರಿದರೆ, ಆಳವಾಗಿ ಅಗೆದ ನೆಲಮಾಳಿಗೆಗೆ ಬೀಗ ಹಾಕಿ ಎಲ್ಲರೂ ಅಟ್ಟದ ಮೇಲೆ ವಾಸಿಸಿದಂತೆ. ಊರು ಬಿಟ್ಟು ದೂರದಲ್ಲಿರುವ ನಮಗೆ ಧ್ವನಿಮುದ್ರಿಕೆಯೇ ಕಛೇರಿ, ಅದೇ ಊರಿನ ರಂಗಮಂಟಪ. ಮಲ್ಲಿಕಾರ್ಜುನ ಮನಸೂರರು ಸ್ವರಕ್ಕೆ ಮುಂಚೆ ಎಳೆದ ಉಸಿರನ್ನು ನಮ್ಮ ಮಕ್ಕಳು ಕೇಳುವುದಾದರೆ ಧ್ವನಿಮುದ್ರಿಕೆಯಲ್ಲೇ ಕೇಳಬೇಕು. ಅದು ಅದರಲ್ಲಿ ಉಳಿದಿರಬೇಕೆಂದು ಕೇಳುವ ಹಕ್ಕು ನಮಗಿದೆ.

ವಾಚಕರು ಒಂದು ಪರೀಕ್ಷೆ ಮಾಡಿ ನೋಡಬಹುದು. ಮನೆಯಲ್ಲಿ ಒಂದೇ ಹಾಡಿನ ಹಳೆಯ ಸಿ.ಡಿ.ಯೂ ಹೊಸ ಮರುಮುದ್ರಣವೂ ಇದ್ದರೆ, ಮೊದಲು ಎರಡನ್ನೂ ಒಂದೇ ಮಟ್ಟದಲ್ಲಿ ಕೇಳುವಂತೆ ವಾಲ್ಯೂಮನ್ನು ಸರಿಹೊಂದಿಸಿ. ಈ ಹೆಜ್ಜೆಯನ್ನು ಬಿಟ್ಟರೆ ಕಿವಿ ಮೋಸಹೋಗುತ್ತದೆ. ಬಳಿಕ ಯಾವುದು ಯಾವುದೆಂದು ಹೇಳದೆ ಮನೆಯವರಿಗೆಲ್ಲ ಕೇಳಿಸಿ. ಮುದ್ರೆ ನೋಡದೆ ತೀರ್ಪು ಕೊಡಲಿ. ಹಾಡು ಮುಗಿದು ಕೊನೆಯ ತಂತಿಯ ನಾದ ಅಡಗುವವರೆಗೂ ಯಾರೂ ಮಾತಾಡಬೇಡಿ. ಆ ಕೊನೆಯ ಎಳೆ ಯಾವುದರಲ್ಲಿ ಹೆಚ್ಚು ಹೊತ್ತು ಕೇಳಿಸಿತೋ ಆ ಪ್ರತಿಯನ್ನು ಉಳಿಸಿಕೊಳ್ಳಿ.